ಸಗರನಾಡಿನಲ್ಲಿ ಸುಮ್ಮನೆ ಕೂರುವವರು

"ಇದು ಯಾರ ಧ್ಯಾನ್ರೀ ಮೇಡಂ?"

ನಮ್ಮ ಸಗರನಾಡಿನಲ್ಲಿ, ಅಂದರೆ ಈ ಯಾದಗಿರಿ ಜಿಲ್ಲೆಯ ಸೀಮೆಯಲ್ಲಿ, ಯಾವ ಕಾಲೇಜಿನಲ್ಲಿ ನಾಲ್ಕು ಹುಡುಗರನ್ನು ಕೂರಿಸಿಕೊಂಡು ಕಣ್ಣು ಮುಚ್ಚಿದರೂ ಮೊದಲು ಬರುವ ಪ್ರಶ್ನೆ ಇದೇ. ಏನು ಲಾಭ, ಎಷ್ಟು ಹೊತ್ತು ಕೂರಬೇಕು, ಕಾಲು ಜೋಮು ಹಿಡಿದರೆ ಏನು ಮಾಡಬೇಕು ಎಂಬುದೆಲ್ಲ ಆಮೇಲೆ. ಬ್ರಹ್ಮಾಕುಮಾರಿಯರದೋ, ವಿಪಸ್ಸನದವರದೋ, ಪಿರಮಿಡ್‌ನವರದೋ, ಹಾರ್ಟ್‌ಫುಲ್‌ನೆಸ್‌ನವರದೋ, ಯಾವ ಮಠದ್ದೋ, ಯಾವ ಪಕ್ಷದ್ದೋ, ಅದು ಮೊದಲು ತಿಳಿಯಬೇಕು. ಪ್ರಶ್ನೆಯಲ್ಲಿ ಕುಚೋದ್ಯವೇನೂ ಇಲ್ಲ. ಸಂಜೆ ಮನೆಗೆ ಹೋಗಿ ಹೇಳಬೇಕಲ್ಲ, ಅದಕ್ಕೆ.

ನಾನು ಇತಿಹಾಸ ಪಾಠ ಮಾಡುವವಳು. ಸರ್ಕಾರಿ ಪದವಿ ಕಾಲೇಜಿನ ನೌಕರಿ ಎಂದರೆ ವರ್ಗಾವಣೆಯ ನೌಕರಿ. ಸುರಪುರದಲ್ಲಿ ಶುರುವಾಗಿ, ಶಹಾಪುರ ಕಂಡು, ಈಗ ಯಾದಗಿರಿಗೆ ಬಂದಿದ್ದೇನೆ. ಮೂರೂ ಊರುಗಳಲ್ಲಿ ಹುಡುಗರ ಜತೆ ಕೂತಿದ್ದೇನೆ, ಮೂರೂ ಕಡೆ ಒಂದೊಂದು ಗುಂಪು ಉಳಿದುಕೊಂಡಿದೆ. ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ರಸೀದಿ ಪುಸ್ತಕವಿಲ್ಲ. ಹುಡುಗರು ಅದನ್ನು ಕೂಡೋದು ಅನ್ನುತ್ತಾರೆ. "ಇವತ್ತ ಕೂಡೋದು ಅದನೇನ್ರೀ?" ಎಂದು ಫೋನ್ ಬಂದರೆ ಇದೇ ವಿಷಯ ಎಂದರ್ಥ.

ಈ ಹುಡುಗರು ಎಂಥವರು ಎಂದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. 2009ರ ಡಿಸೆಂಬರ್ 30ರಂದು ಗುಲ್ಬರ್ಗದಿಂದ ಬೇರೆಯಾಗಿ ಯಾದಗಿರಿ ಜಿಲ್ಲೆಯಾಯಿತು. ಮುಂದೆ 2011ರ ಜನಗಣತಿಯಲ್ಲಿ ಇದರ ಸಾಕ್ಷರತೆ ಶೇ 52ರ ಆಸುಪಾಸು ಇತ್ತು, ರಾಜ್ಯದಲ್ಲೇ ಕೆಳಗಿನದು. ಅಂದರೆ ನನ್ನ ಎದುರು ಕೂರುವ ಬಹಳಷ್ಟು ಮಕ್ಕಳು ಮನೆತನದಲ್ಲೇ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು. ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿರುತ್ತಾರೆ, ಕಟ್ಟಡದ ಕೆಲಸ. ಊರಲ್ಲಿ ಅಜ್ಜಿ, ಇಬ್ಬರು ತಮ್ಮಂದಿರು, ಒಂದೆರಡು ಆಡು. ಹುಡುಗಿಯರಾದರೆ ನೀರು ತುಂಬಿ, ರೊಟ್ಟಿ ಬಡಿದು, ಬಸ್ಸು ಹಿಡಿದು ಒಂಬತ್ತೂವರೆಗೆ ಕಾಲೇಜಿಗೆ ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸು ಪುಕ್ಕಟೆಯಾದ ಮೇಲೆ ಹುಡುಗಿಯರ ಹಾಜರಿ ಚೆನ್ನಾಗಿದೆ, ಬಸ್ಸಿನಲ್ಲಿ ಕಾಲಿಡಲು ಜಾಗ ಮಾತ್ರ ಇಲ್ಲ.

ಬೆಂಗಳೂರಿನ ಲೇಖನಗಳಲ್ಲಿ ಧ್ಯಾನದ ಜತೆಗೆ ಒತ್ತಡ ಎಂಬ ಪದ ಬಂದೇ ಬರುತ್ತದೆ. ಟ್ರಾಫಿಕ್ಕು, ಡೆಡ್‌ಲೈನು, ಇಎಂಐ. ನಮ್ಮ ಹುಡುಗರ ಸಂಕಟ ಬೇರೆ. ಅವರು ಕಾಯುತ್ತಾರೆ. ಬಸ್ಸಿಗೆ ಕಾಯುತ್ತಾರೆ, ಸ್ಕಾಲರ್‌ಶಿಪ್ಪಿಗೆ ಕಾಯುತ್ತಾರೆ, ಹಾಸ್ಟೆಲ್ ಪಟ್ಟಿಗೆ, ಫಲಿತಾಂಶಕ್ಕೆ, ನೇಮಕಾತಿಯ ನೋಟಿಫಿಕೇಶನ್ನಿಗೆ, ಅದಾದ ಮೇಲೆ ಕೀ ಆನ್ಸರಿಗೆ, ಕೋರ್ಟಿನ ತಡೆಯಾಜ್ಞೆ ತೆರವಿಗೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆದು, ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತಲ್ಲ, ಆಗ ವಾಚನಾಲಯದಲ್ಲಿ ಕೂತು ಓದುತ್ತಿದ್ದ ಹುಡುಗರ ಮುಖ ನಾನು ನೋಡಿದ್ದೇನೆ. ಸಿಟ್ಟು ಕೂಡ ಇರಲಿಲ್ಲ. "ಮತ್ತ ಕಾಯೋದ್ರೀ" ಎಂದ ಒಬ್ಬ. ಇಪ್ಪತ್ತೆರಡು ವರ್ಷದ ಹುಡುಗನ ತಲೆಯಲ್ಲಿ ನಾಳೆಯದೇ ಗದ್ದಲ, ಇವತ್ತು ಎಂಬುದು ಇಲ್ಲವೇ ಇಲ್ಲ. ಏನನ್ನೂ ಕಾಯದೆ ಹತ್ತು ನಿಮಿಷ ಕೂರುವುದು ಅವನಿಗೆ ಎಷ್ಟು ಅಪರಿಚಿತ ಸಂಗತಿ ಎಂದು ನನಗೆ ಹೊಳೆದದ್ದು ಆ ದಿನಗಳಲ್ಲಿ.

ಇರಲಿ, ಯಾರ ಧ್ಯಾನ ಎಂಬ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ನಾನು ಬಾಯಲ್ಲಿ ಉತ್ತರ ಕೊಡುವುದಿಲ್ಲ, ಬಸ್ಸು ಹತ್ತಿಸುತ್ತೇನೆ. ಇತಿಹಾಸದವಳಾಗಿರುವುದರ ಅನುಕೂಲ ಇದು, ಪ್ರವಾಸಕ್ಕೆ ಕಾರಣ ಹೇಳಬೇಕಿಲ್ಲ.

ಮೊದಲು ಸನ್ನತಿ. ಜಿಲ್ಲೆಯ ಗಡಿ ದಾಟಿದ ಕೂಡಲೇ, ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮೆಯ ದಂಡೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿ ನೋಡಿದರೆ ಅದು ಅಶೋಕನ ಶಾಸನ, ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ಕೇಂದ್ರ ಪುರಾತತ್ವ ಇಲಾಖೆ ಅಗೆಯಿತು. ದೊಡ್ಡ ಸ್ತೂಪವೇ ಸಿಕ್ಕಿತು, ಅದರ ಹೆಸರು ಅಧೋಲೋಕ ಮಹಾಚೈತ್ಯ ಎಂದು ಅಲ್ಲಿನ ಬರಹಗಳೇ ಹೇಳುತ್ತವೆ. ‘ರಾಯಾ ಅಸೋಕೋ’ ಎಂದು ಹೆಸರು ಕೊರೆದ, ರಾಣಿಯ ಜತೆ ನಿಂತ ಅಶೋಕನ ಶಿಲ್ಪ ಅಲ್ಲಿ ದೊರಕಿ ಜಗತ್ತಿಗೆಲ್ಲ ಗೊತ್ತಾಯಿತು.

ಎಲ್ಲರ ಕಣ್ಣು ಅಶೋಕನ ಮೇಲೆ. ನಾನು ಹುಡುಗರಿಗೆ ಹೇಳುವುದು ಚಪ್ಪಡಿಗಳ ಮೇಲಿನ ದಾನದ ಬರಹಗಳ ಕಥೆ. ಆ ಸ್ತೂಪವನ್ನು ಒಬ್ಬ ರಾಜ ಒಂದೇ ಕೈಯಿಂದ ಕಟ್ಟಿಸಿಬಿಡಲಿಲ್ಲ. ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು, ವ್ಯಾಪಾರಿಗಳು ಒಬ್ಬೊಬ್ಬರು ಒಂದೊಂದು ಕಲ್ಲು ಕೊಟ್ಟು ಹೆಸರು ಬರೆಸಿದ್ದಾರೆ. ಎರಡು ಸಾವಿರ ವರ್ಷದ ಹಿಂದೆ ಭೀಮೆಯ ದಂಡೆಯಲ್ಲಿ ಭಿಕ್ಷುಗಳಿದ್ದರು ಎಂದರೆ ಧ್ಯಾನವೂ ಇತ್ತು, ಬೌದ್ಧ ಧ್ಯಾನದ ಮೊದಲ ಪಾಠವೇ ಉಸಿರು ನೋಡುವುದು. ನಮ್ಮ ಹುಡುಗರು ಇಂಗ್ಲಿಷಿನಲ್ಲಿ ಯೂಟ್ಯೂಬಿನಲ್ಲಿ ನೋಡುವ ಮೈಂಡ್‌ಫುಲ್‌ನೆಸ್ಸಿನ ಮೂಲ ಪಾಠ ಅವರ ಊರಿನಿಂದ ಒಂದು ಬಸ್ಸಿನ ದೂರದಲ್ಲಿ ನಡೆದಿತ್ತು.

ವಾಪಸ್ ಬರುವಾಗ ಶಹಾಪುರದ ಹತ್ತಿರ ಮಲಗಿದ ಬುದ್ಧನ ಗುಡ್ಡ ಕಾಣಿಸುತ್ತದೆ. ನಾಲ್ಕು ಗುಡ್ಡಗಳ ಸಾಲು ದೂರದಿಂದ ಅಂಗಾತ ಮಲಗಿದ ಆಕಾರವಾಗುತ್ತದೆ ಅಷ್ಟೆ, ಯಾರೂ ಕೆತ್ತಿದ್ದಲ್ಲ, ಇತಿಹಾಸದ ಸಾಕ್ಷಿಯೂ ಅಲ್ಲ. ಹಾಗೆಂದು ಹೇಳಿದರೂ ಬಸ್ಸಿನ ಒಂದೇ ಮಗ್ಗುಲಿನ ಕಿಟಕಿಗಳಿಗೆ ಎಲ್ಲರೂ ಮುಗಿಬೀಳುತ್ತಾರೆ.

ಅದೇ ತಾಲ್ಲೂಕಿನ ಗೋಗಿಗೆ ಹೋದರೆ ಚಂದಾ ಹುಸೇನಿಯವರ ದರ್ಗಾ. ವಿಜಯಪುರದ ಆದಿಲ್‌ಶಾಹಿಗಳ ಮೊದಲ ಸುಲ್ತಾನರು ಗೋಳಗುಮ್ಮಟದಂಥ ಗುಮ್ಮಟ ಬೇಡಿಕೊಳ್ಳದೆ ಈ ಹಳ್ಳಿಯಲ್ಲಿ, ಪೀರರ ಸನ್ನಿಧಿಯಲ್ಲಿ ಮಣ್ಣಾಗಿದ್ದಾರೆ. ಯೂಸುಫ್ ಆದಿಲ್‌ಶಾಹನ ಗೋರಿ ಇಲ್ಲಿದೆ ಎಂದರೆ ಅದೇ ತಾಲ್ಲೂಕಿನ ಹುಡುಗರೇ ನಂಬುವುದಿಲ್ಲ. ಸೂಫಿಗಳ ಜಿಕ್ರ್‌ನಲ್ಲಿ ಉಸಿರಿನ ಜತೆ ನಾಮ ಹೂಡುವ ಕ್ರಮವಿದೆ. ಕಲಬುರಗಿಯ ಖ್ವಾಜಾ ಬಂದೇ ನವಾಜರು 1422ರಲ್ಲಿ ತೀರಿಕೊಂಡರು, ಅವರ ಚಿಶ್ತಿ ಪರಂಪರೆಯಲ್ಲಿ ಈ ಅಭ್ಯಾಸ ದೊಡ್ಡದು. ಗೋಗಿ ಕಡೆಯ ಒಬ್ಬ ಹುಡುಗಿ ಮೊದಲ ವಾರ ನಮ್ಮ ಗುಂಪಿನ ಬಾಗಿಲ ಹತ್ತಿರವೇ ಕೂತಿದ್ದವಳು, ಈ ಪಾಠವಾದ ಮೇಲೆ, "ನಮ್ಮ ದಾದಾ ಫಜರ್ ನಮಾಜ್ ಆದ ಮ್ಯಾಲ ಹಿಂಗೇ ಕೂಡ್ತಿದ್ರು ಮೇಡಂ" ಎಂದು ಒಳಗೆ ಸರಿದಳು.

ಇನ್ನು ಸುರಪುರದ ಕಡೆ. ಅಲ್ಲಿಯ ಮುದನೂರು ದೇವರ ದಾಸಿಮಯ್ಯನ ಊರು. ನೇಕಾರ, ಬಸವಣ್ಣನವರಿಗಿಂತ ಹಿಂದಿನವನೆಂದು ಬಹಳ ವಿದ್ವಾಂಸರ ಮತ. ಕೆಂಭಾವಿ ಇನ್ನೊಬ್ಬ ಶರಣ ಭೋಗಣ್ಣನ ಊರು. ಲಿಂಗಾಯತರ ಮನೆಯ ಹುಡುಗರಿಗೆ ನಾನು ಕೇಳುವುದು ಇಷ್ಟೇ: ನಿಮ್ಮ ಅಜ್ಜಿ ಬೆಳಿಗ್ಗೆ ಸ್ನಾನ ಮಾಡಿ ಎಡಗೈಯಲ್ಲಿ ಲಿಂಗ ಹಿಡಿದು ನೋಡುತ್ತ ಕೂರುತ್ತಾಳಲ್ಲ, ಎಷ್ಟು ಹೊತ್ತು ಕೂರುತ್ತಾಳೆ? ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಶರಣರ ಶಿವಯೋಗ ಅದು, ಕಣ್ಣು ತೆರೆದೇ ಮಾಡುವ ಧ್ಯಾನ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ, ಜಾತ್ರೆಗೆ ಹೋಗದ ಮನೆ ಈ ಸೀಮೆಯಲ್ಲಿ ಕಡಿಮೆ.

ಇಷ್ಟೆಲ್ಲ ತಿರುಗಿದ ಮೇಲೆ ಪ್ರಶ್ನೆ ಕೇಳಿದವನೇ ಉತ್ತರವನ್ನೂ ಕಂಡುಕೊಂಡಿರುತ್ತಾನೆ. ಎಲ್ಲರ ಮನೆಯಲ್ಲೂ ಇದ್ದದ್ದನ್ನು ಒಬ್ಬರು ತಮ್ಮದೆಂದು ಹೇಳಿಕೊಳ್ಳಲಿಕ್ಕೆ ಬರುವುದಿಲ್ಲ. ಕುರುಬರು, ಬೇಡರು, ದಲಿತರು, ಲಂಬಾಣಿಗರು, ಲಿಂಗಾಯತರು, ಮುಸ್ಲಿಮರು ಒಂದೇ ಕೋಣೆಯಲ್ಲಿ ಕೂರಬೇಕಾದರೆ ನಾವು ಆರಿಸಿಕೊಂಡ ವಸ್ತು ಯಾರ ಮನೆಯಲ್ಲೂ ತಕರಾರು ಎಬ್ಬಿಸಬಾರದು. ಆದ್ದರಿಂದ ಮಂತ್ರ ಬೇಡ, ಫೋಟೊ ಬೇಡ, ದೀಪ ಬೇಡ, ಊದಿನಕಡ್ಡಿಯೂ ಬೇಡ ಎಂದುಕೊಂಡೆವು. ಉಳಿದದ್ದು ಉಸಿರು.

ನಾನು ಕೂರಲು ಕಲಿತದ್ದು ಹೈದರಾಬಾದಿನ ಕುಸುಮನಗರದ ವಿಪಸ್ಸನ ಕೇಂದ್ರ ಧಮ್ಮಖೇತ್ತದಲ್ಲಿ. ಯಾದಗಿರಿಯಿಂದ ರೈಲಿದೆ, ಶಿಬಿರಕ್ಕೆ ದುಡ್ಡು ಕೇಳುವುದಿಲ್ಲ, ಎರಡೂ ನನಗೆ ಅನುಕೂಲವಾಗಿದ್ದವು. ಹತ್ತು ದಿನ ಮಾತಿಲ್ಲ, ಬೆಳಗಿನ ನಾಲ್ಕಕ್ಕೆ ಗಂಟೆ, ಮೊದಲ ಮೂರು ದಿನ ಮೂಗಿನ ಹತ್ತಿರದ ಉಸಿರು ಬಿಟ್ಟು ಬೇರೆ ಕೆಲಸವಿಲ್ಲ. ಈ ಪದ್ಧತಿಯನ್ನು 1969ರಲ್ಲಿ ಭಾರತಕ್ಕೆ ತಂದ ಎಸ್.ಎನ್. ಗೋಯೆಂಕಾ ಬರ್ಮಾದಲ್ಲಿ ಹುಟ್ಟಿದ ವ್ಯಾಪಾರಿ. ನನಗೆ ಅವರಿಗಿಂತ ಅವರ ಗುರು ಊ ಬಾ ಖಿನ್ ಇಷ್ಟ. ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದವರು, ಲೆಕ್ಕಪತ್ರದ ಕಚೇರಿಯಲ್ಲೇ ಸಿಬ್ಬಂದಿಯನ್ನು ಧ್ಯಾನಕ್ಕೆ ಕೂರಿಸಿದವರು. ಕಡತದ ಧೂಳಿನ ನಡುವೆ ಆಗುವುದಾದರೆ ನಮ್ಮ ಕಾಲೇಜಿನ ಮೂಲೆಕೋಣೆಯಲ್ಲಿ ಯಾಕೆ ಆಗಬಾರದು?

ಬೇರೆ ದಾರಿಯವರ ಬಗ್ಗೆ ನನಗೆ ಅಸಡ್ಡೆಯಿಲ್ಲ. ಹೈದರಾಬಾದಿನ ಹತ್ತಿರದ ಕಾನ್ಹಾ ಶಾಂತಿವನದಲ್ಲಿ 2020ರ ಜನವರಿಯಲ್ಲಿ ತೆರೆದ ಹಾರ್ಟ್‌ಫುಲ್‌ನೆಸ್ ಸಭಾಂಗಣದಲ್ಲಿ ಒಂದು ಲಕ್ಷ ಜನ ಒಟ್ಟಿಗೆ ಕೂರಬಹುದು. ನಮ್ಮ ಕಡೆಯ ಹುಡುಗರು ಹೋಗಿ ಬಂದು ಬೆರಗಾಗಿ ಹೇಳುತ್ತಾರೆ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ಬೆಳಗಿನ ಪ್ರವಚನಗಳಲ್ಲಿ ಸಾವಿರಾರು ಜನ ಕೆಮ್ಮದೆ ಕೂರುತ್ತಿದ್ದರು, ಆ ಶಿಸ್ತನ್ನು ಅವರು ಬೈದು ಕಲಿಸಲಿಲ್ಲ. 2023ರ ಜನವರಿ 2ರಂದು ಅವರು ಹೋದ ಮೇಲೆ ಉತ್ತರ ಕರ್ನಾಟಕದ ಬೆಳಗುಗಳಲ್ಲಿ ಒಂದು ದನಿ ಕಡಿಮೆಯಾಗಿದೆ. ನನ್ನ ತಕರಾರು ಇರುವುದು ಕಾಲೇಜುಗಳ ಒಂದು ದಿನದ ಧ್ಯಾನದ ಮೇಲೆ. ಜೂನ್ 21ಕ್ಕೆ ಚಾಪೆ, ಡಿಸೆಂಬರ್ 21 ವಿಶ್ವ ಧ್ಯಾನ ದಿನ ಎಂದು ವಿಶ್ವಸಂಸ್ಥೆ 2024ರಲ್ಲಿ ಘೋಷಿಸಿದ ಮೇಲೆ ಅದಕ್ಕೊಂದು ಬ್ಯಾನರ್. ಅತಿಥಿಗಳ ಭಾಷಣ ಒಂದೂವರೆ ತಾಸು, ಧ್ಯಾನ ಮೂರು ನಿಮಿಷ, ಆಮೇಲೆ ಪ್ರಮಾಣಪತ್ರ. ಒಂದು ಕಾಲೇಜಿನಲ್ಲಿ ನಮ್ಮ ಗುಂಪಿನ ಫೋಟೊ ಬೇಕೆಂದು ಪಟ್ಟು ಹಿಡಿದರು, ನ್ಯಾಕ್ ವರದಿಯ ‘ಬೆಸ್ಟ್ ಪ್ರಾಕ್ಟೀಸ್’ ಕಾಲಮ್ಮಿಗೆ. ಕೊನೆಗೆ ತೆಗೆದರು. ಫೋಟೊದಲ್ಲಿ ಎಲ್ಲರೂ ನಿದ್ದೆ ಹೊಡೆಯುತ್ತಿರುವವರ ಹಾಗೆ ಬಂದಿದ್ದರಿಂದ ಹಾಕಲಿಲ್ಲ.

ಏನು ಮಾಡುತ್ತೇವೆ ಎಂಬುದು ಬಹಳ ಸರಳ, ಹೇಳಲು ಐದು ನಿಮಿಷ ಸಾಕು. ನೆಲದ ಮೇಲೋ ಬೆಂಚಿನ ಮೇಲೋ ಬೆನ್ನು ನೆಟ್ಟಗೆ ಇರುವಂತೆ ಕೂರುವುದು. ಕೈ ತೊಡೆಯ ಮೇಲೆ. ಕಣ್ಣು ಮುಚ್ಚಬಹುದು, ಮುಚ್ಚದೆ ಎರಡು ಮೊಳ ಮುಂದಿನ ನೆಲ ನೋಡಬಹುದು. ಈ ಎರಡನೆಯದನ್ನು ಕಲಿಸಿದವರು ಹುಡುಗಿಯರು. ಹುಡುಗರಿರುವ ಕೋಣೆಯಲ್ಲಿ ಕಣ್ಣು ಮುಚ್ಚಲು ಅವರಿಗೆ ಮುಜುಗರ, ಯಾರು ನೋಡುತ್ತಿದ್ದಾರೋ ಎಂಬ ಎಚ್ಚರ ಹೋಗುವುದಿಲ್ಲ. ಅದನ್ನು ತಪ್ಪು ಎನ್ನಲಾಗದು. ಆಮೇಲೆ ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಗಮನಿಸುವುದು. ಉಸಿರನ್ನು ಎಳೆಯುವ, ಬಿಗಿಹಿಡಿಯುವ ಕೆಲಸವಿಲ್ಲ, ಇದು ಪ್ರಾಣಾಯಾಮ ಅಲ್ಲ. ಹೊಸಬರು ಒಂದರಿಂದ ಹತ್ತರವರೆಗೆ ಉಸಿರು ಎಣಿಸಿ ಮತ್ತೆ ಒಂದಕ್ಕೆ ಬರಲಿ. ನಾಲ್ಕಕ್ಕೆ ಬರುವುದರೊಳಗೆ ಮನಸ್ಸು ಸ್ಕಾಲರ್‌ಶಿಪ್ಪಿಗೋ ನಿನ್ನೆಯ ಜಗಳಕ್ಕೋ ಹೋಗಿರುತ್ತದೆ. ಹೋಗಿದೆ ಎಂದು ಗೊತ್ತಾದ ಗಳಿಗೆಯಲ್ಲಿ ಮತ್ತೆ ಒಂದರಿಂದ ಶುರು. ಗೂಟಕ್ಕೆ ಕಟ್ಟಿದ ಎಳೆಗರು ಹಗ್ಗ ಇರುವಷ್ಟು ದೂರ ಓಡುತ್ತದೆ, ತಾನೇ ತಿರುಗಿ ಬರುತ್ತದೆ, ಯಾರೂ ಅದಕ್ಕೆ ಹೊಡೆಯುವುದಿಲ್ಲ.

ಹುಡುಗರಿಗೆ ನಂಬಲು ಕಷ್ಟವಾಗುವುದು ಇದೇ. ಮನಸ್ಸು ಓಡಿಹೋದರೆ ಧ್ಯಾನ ಕೆಟ್ಟಿತು ಎಂದುಕೊಳ್ಳುತ್ತಾರೆ. ಓಡಿಹೋದದ್ದು ಗೊತ್ತಾಗುವುದೇ ಅಭ್ಯಾಸ, ಅದಕ್ಕಿಂತ ಹೆಚ್ಚಿನದು ಇದರಲ್ಲಿ ಇಲ್ಲ. ಹಾರ್ವರ್ಡಿನ ಇಬ್ಬರು ಮನಶ್ಶಾಸ್ತ್ರಜ್ಞರು 2010ರಲ್ಲಿ 2,250 ಜನರ ಮೊಬೈಲಿಗೆ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಕಳಿಸಿ, ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ ಎಂದು ಕೇಳಿದ್ದರು. ಶೇ 47ರಷ್ಟು ಸಲ ಜನರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲೇ ಇಲ್ಲ. ಅಂದರೆ ಓಡುವುದು ಸುರಪುರದ ಹುಡುಗನ ಮನಸ್ಸೊಂದೇ ಅಲ್ಲ. ಈ ಅಂಕಿ ಹೇಳಿದ ದಿನ ಹುಡುಗರಿಗೆ ಆದ ಸಮಾಧಾನ ಯಾವ ಉಪದೇಶದಿಂದಲೂ ಆಗಿರಲಿಲ್ಲ.

"ಕಣ್ ಮುಚ್ಚಿದ್ರ ನಿದ್ದಿ ಬರ್ತದ್ರೀ ಮೇಡಂ" ಎಂಬ ದೂರು ವಾರಕ್ಕೊಮ್ಮೆ ಬರುತ್ತದೆ. ಬರಲಿ ತಮ್ಮಾ, ನಿದ್ದೆ ಸಾಲದ ದೇಹ ಕೂತಲ್ಲಿ ಕೇಳುತ್ತದೆ ಎನ್ನುತ್ತೇನೆ. ರಾತ್ರಿ ಒಂದರವರೆಗೆ ರೀಲ್ಸ್ ನೋಡಿದ್ದು ಆಗ ಹೊರಬೀಳುತ್ತದೆ. ಏಪ್ರಿಲ್‌, ಮೇನಲ್ಲಿ 42 ಡಿಗ್ರಿ ಬಿಸಿಲಿಗೆ ಕರೆಂಟು ಹೋದರೆ ಕೂರುವುದು ನನಗೂ ಆಗುವುದಿಲ್ಲ, ಆಗ ಬೇವಿನ ಮರದ ಕೆಳಗೆ ಮೆಲ್ಲಗೆ ನಡೆಯುತ್ತ ಹೆಜ್ಜೆ ಗಮನಿಸುತ್ತೇವೆ. ಶಾಮಿಯಾನದ ಧ್ವನಿವರ್ಧಕದ ಹಾಡಂತೂ ಜಾತ್ರೆ, ಮದುವೆ, ಜಯಂತಿ ಎಂದು ವರ್ಷವಿಡೀ ಇದ್ದದ್ದೇ. ಅದನ್ನೂ ಕೇಳಿಸಿಕೊಳ್ಳುತ್ತ ಕೂರುವುದು.

ಒಬ್ಬರೇ ಮನೆಯಲ್ಲಿ ಮಾಡಬಹುದಲ್ಲ, ಗುಂಪು ಯಾಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಮನೆ ಎಂದರೆ ಎಂಥದು ಎಂದು ಯೋಚಿಸಿ ನೋಡಬೇಕು. ಎರಡು ಕೋಣೆ, ಟಿವಿ, ಮಕ್ಕಳು, ಹೊರಗೆ ಕಟ್ಟೆಯ ಮೇಲೆ ನಾಲ್ಕು ಜನ. ಪ್ರಾಯದ ಹುಡುಗಿ ಕಣ್ಣು ಮುಚ್ಚಿ ಕೂತರೆ ಏನಾಯಿತು ಎಂದು ಅವ್ವ ಗಾಬರಿಯಾಗುತ್ತಾಳೆ. ಬಿಸಿಎಂ ಹಾಸ್ಟೆಲಿನಲ್ಲೂ ಇಕ್ಕಟ್ಟು ಅಷ್ಟೇ ಇದೆ. ಇಲ್ಲಿ ಏಕಾಂತ ಎಂಬುದು ಉಳ್ಳವರ ಸ್ವತ್ತು. ಹತ್ತು ಜನ ಜತೆಗೆ ಸುಮ್ಮನಿದ್ದರೆ ಮಾತ್ರ ಒಬ್ಬೊಬ್ಬರಿಗೂ ಸ್ವಲ್ಪ ಏಕಾಂತ ಸಿಗುತ್ತದೆ.

ಗುಂಪು ನಿಂತದ್ದು ನನ್ನಿಂದಲ್ಲ, ಅವರದೇ ಕಟ್ಟಳೆಗಳಿಂದ. ಸುರಪುರದವರು ಮೊದಲು ಮಾಡಿದ್ದು: ದಿನಕ್ಕೊಬ್ಬರು ಮುಂದಾಳು, ಸರದಿಯಂತೆ. ಹೊತ್ತು ನೋಡುವುದು, ಶುರುವಿಗೂ ಕೊನೆಗೂ ಸ್ಟೀಲ್ ಲೋಟಕ್ಕೆ ಚಮಚದಿಂದ ಒಮ್ಮೆ ಬಡಿಯುವುದು, ಅಷ್ಟೇ ಕೆಲಸ. ಮಾತಾಡಲು ಹಿಂಜರಿಯುತ್ತಿದ್ದ ಹುಡುಗಿ ಲೋಟ ಹಿಡಿದು ಕೂತಾಗ ಮೇಷ್ಟ್ರುಗಳೂ ಅವಳು ಬಡಿಯುವವರೆಗೆ ಏಳುವಂತಿಲ್ಲ. ಶಹಾಪುರದವರು ವೃತ್ತವಾಗಿ ಕೂರೋಣ ಎಂದರು. ಸಾಲಾಗಿ ಕೂತರೆ ಹಿಂದಿನ ಸಾಲು ಯಾರದಾಗುತ್ತದೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಯಾದಗಿರಿಯವರದು ಮೊಬೈಲಿನ ಬುಟ್ಟಿ. ಹಾಜರಿ ಬೇಡ ಎಂಬುದೊಂದು ನಾನು ಹಟ ಹಿಡಿದು ಇರಿಸಿದ್ದು. ಬಂದರೆ ಬಂದರು, ಬಿಟ್ಟರೆ ಬಿಟ್ಟರು, ಯಾಕೆ ಬರಲಿಲ್ಲ ಎಂದು ಕೇಳುವಂತಿಲ್ಲ. ಕೂತೆದ್ದ ಮೇಲೆ ಹತ್ತು ನಿಮಿಷ ಮಾತಿಗೆ ಬಿಡುವಿದೆ, ಮಾತಾಡಲೇಬೇಕೆಂದಿಲ್ಲ. ಅನುಭವ ಹೇಳಿ ಎಂದರೆ ಹುಡುಗರು ಟಿವಿಯಲ್ಲಿ ಕೇಳಿದ ಬೆಳಕು, ಕಂಪನ ಎಲ್ಲ ಹೇಳತೊಡಗುತ್ತಾರೆ. ಆದ್ದರಿಂದ ನಾವು ಕೇಳುವುದು, ಇವತ್ತು ಮನಸ್ಸು ಎಲ್ಲಿಗೆ ಹೋಗಿತ್ತು ಎಂದು ಮಾತ್ರ. ಆ ಪ್ರಶ್ನೆಗೆ ಸುಳ್ಳು ಹೇಳಲು ಯಾರಿಗೂ ಕಾರಣವಿಲ್ಲ. "ನಮ್ಮಪ್ಪನ ಸಾಲಕ್ಕ ಹೋಗಿತ್ರೀ" ಎಂದ ಒಬ್ಬ, ಮರುದಿನ ಇನ್ನೊಬ್ಬ ತನ್ನಪ್ಪನ ಸಾಲದ ಸುದ್ದಿ ಹೇಳಿದ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು, ಇಬ್ಬರಿಗೂ ಅದುವರೆಗೆ ಗೊತ್ತಿರಲಿಲ್ಲ.

ಆಗಾಗ ಭಾನುವಾರ ಮೂರು ಊರಿನವರೂ ಸೇರುವುದಿದೆ. ಯಾದಗಿರಿಯ ಕೋಟೆ, ಇಲ್ಲವೆ ಸುರಪುರದ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆಯ ಕಡೆ. ಸುರಪುರಕ್ಕೆ ಹೋದಾಗ ನನ್ನ ಪಾಠ ಶುರುವಾಗಿಬಿಡುತ್ತದೆ, ಇಲ್ಲಿಯ ಅರಸ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಸತ್ತಾಗ ಇಪ್ಪತ್ತೈದು ಕೂಡ ತುಂಬಿರಲಿಲ್ಲ, ನಿಮಗಿಂತ ಎರಡು ಮೂರು ವರ್ಷ ದೊಡ್ಡವನು ಎಂದು. "ಮೇಡಂ, ಇವತ್ತ ಐತವಾರರೀ" ಎಂದು ಹುಡುಗರು ತಡೆಯುತ್ತಾರೆ.

ಇದರಿಂದ ಉಪಯೋಗವಿದೆಯೇ? ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ಹುಡುಗರ ಮುಂದೆ ಪೂರ್ತಿ ಇಡುತ್ತೇನೆ, ಬೇಕಾದಷ್ಟನ್ನೇ ಆರಿಸಿ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವೈದ್ಯಕೀಯ ಕಾಲೇಜಿನಲ್ಲಿ 1979ರಲ್ಲಿ ಜಾನ್ ಕಬಾಟ್-ಜಿನ್ ದೀರ್ಘಕಾಲದ ನೋವಿನ ರೋಗಿಗಳಿಗೆಂದು ಧ್ಯಾನದ ತರಬೇತಿ ಆರಂಭಿಸಿದ. ಧರ್ಮದ ಹೊದಿಕೆ ತೆಗೆದು ಬೌದ್ಧ ಅಭ್ಯಾಸವನ್ನು ಆಸ್ಪತ್ರೆಗೆ ತಂದವನು ಆತ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 616 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂಟು ವಾರದ ಇಂಥ ತರಬೇತಿ ಕೊಟ್ಟು ನೋಡಿದರು. 2017ರ ಕೊನೆಗೆ ಬಂದ ಫಲಿತಾಂಶದಂತೆ ಪರೀಕ್ಷೆಯ ದಿನಗಳಲ್ಲಿ ತರಬೇತಿ ಪಡೆದವರ ಕಳವಳ ಗಣನೀಯವಾಗಿ ಕಡಿಮೆಯಿತ್ತು. ಅದೇ ಬ್ರಿಟನ್ನಿನ 85 ಶಾಲೆಗಳ 8,000ಕ್ಕೂ ಹೆಚ್ಚು ಎಳೆಯ ಮಕ್ಕಳನ್ನು ಒಳಗೊಂಡು, ಅರ್ಧದಷ್ಟು ಶಾಲೆಗಳಲ್ಲಿ ತರಗತಿಯಲ್ಲೇ ಇದನ್ನು ಪಾಠವಾಗಿ ಕಲಿಸಿದ ಮಿರಿಯಡ್ ಎಂಬ ದೊಡ್ಡ ಅಧ್ಯಯನದ ವರದಿ 2022ರಲ್ಲಿ ಬಂತು. ಅಂಥ ಪಾಠವಿಲ್ಲದ ಶಾಲೆಯ ಮಕ್ಕಳಿಗಿಂತ ಪಾಠ ಕಲಿತವರಿಗೆ ಹೆಚ್ಚಿನ ಲಾಭವೇನೂ ಆಗಿರಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ಕೇಂಬ್ರಿಜ್‌ನವರು ತಾವಾಗಿ ಬಂದವರು, ಇವರು ಪಿರಿಯಡ್ಡಿಗೆ ಕೂತವರು. ನನ್ನ ಹಾಜರಿ-ಬೇಡ ಹಟಕ್ಕೆ ನಾನು ಈ ಎರಡನ್ನೂ ಸಾಕ್ಷಿಯಾಗಿ ಬಳಸಿಕೊಳ್ಳುತ್ತೇನೆ, ವಿಜ್ಞಾನಿಗಳು ಒಪ್ಪುತ್ತಾರೋ ಇಲ್ಲವೋ.

ಕೆಲವರಿಗೆ ಇದು ಆಗಿಬರುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಹಳೆಯ ಆಘಾತವಿರುವವರು ಕಣ್ಣು ಮುಚ್ಚಿದರೆ ಅದೇ ಎದುರಿಗೆ ಬಂದು ನಿಲ್ಲಬಹುದು, ಎದೆ ಬಡಿತ ಏರಬಹುದು. ಇಂಥ ದುಷ್ಪರಿಣಾಮಗಳ ಮೇಲೂ ಈಗ ಸಂಶೋಧನೆ ನಡೆದಿದೆ. ನಮ್ಮ ಗುಂಪಿನಲ್ಲಿ ಒಬ್ಬಳು ಕೂತಾಗಲೆಲ್ಲ ಅಳುತ್ತಿದ್ದಳು. ಕೂರುವುದು ಬಿಡು ತಂಗಿ, ಮೊದಲು ಮಾತಾಡೋಣ ಎಂದೆ. ಧ್ಯಾನ ಮಾಡಿಸುವವರಿಗೆ ಔಷಧ, ಆಪ್ತಸಮಾಲೋಚನೆ ಎಂಬ ಪದಗಳು ಬಾಯಿಗೆ ಬರಬೇಕು. ಅದಕ್ಕೆ ದೂರ ಹೋಗಬೇಕಿಲ್ಲ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡಬಹುದೆಂದು ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಪ್ರಯೋಗಕ್ಕೆ ತೊಡಗಿದ್ದು ನಮ್ಮದೇ ಸೀಮೆಯ ಬಳ್ಳಾರಿಯಲ್ಲಿ, 1996ರಲ್ಲಿ ಅದೇ ದೇಶದ ಕಾರ್ಯಕ್ರಮವಾಯಿತು. 2022ರ ಅಕ್ಟೋಬರ್‌ನಿಂದ ಟೆಲಿ-ಮನಸ್ ಇದೆ. 14416ಕ್ಕೆ ಯಾವ ಹೊತ್ತಿಗೆ ಫೋನ್ ಮಾಡಿದರೂ ಪುಕ್ಕಟೆ, ಕನ್ನಡದಲ್ಲಿ ಮಾತಾಡುತ್ತಾರೆ. ಈ ಸಂಖ್ಯೆಯನ್ನು ನಾವು ಕೂರುವ ಕೋಣೆಯ ಬಾಗಿಲ ಒಳಗಡೆ ಬರೆದಿದ್ದೇವೆ, ಹೊರಗಡೆ ಬರೆದರೆ ನಿಂತು ಓದಲು ನಾಚಿಕೆ.

ಸ್ಕಾಲರ್‌ಶಿಪ್ ತಡವಾದರೆ ಉಸಿರು ನೋಡುತ್ತ ಕೂರಿ ಎಂದು ನಾನು ಹೇಳುವುದಿಲ್ಲ. ಅರ್ಜಿ ಬರೆಯಿರಿ, ಸಮಾಜ ಕಲ್ಯಾಣ ಇಲಾಖೆಗೆ ಹೋಗಿ ಕೇಳಿ, ಗುಂಪಾಗಿ ಹೋಗಿ. ಒಂದು ಸಲ ಹಾಗೆ ಹೋದವರು ಕಚೇರಿಯಲ್ಲಿ ಗಲಾಟೆ ಮಾಡದೆ, ಎದ್ದೂ ಹೋಗದೆ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತುಬಿಟ್ಟರಂತೆ. ಗುಮಾಸ್ತರಿಗೇ ಕಸಿವಿಸಿಯಾಗಿ ಕಡತ ತೆಗೆದರು ಎಂದು ನಕ್ಕರು.

ಪದವಿ ಮುಗಿದ ಮೇಲೆ ಗುಂಪು ಚದುರುತ್ತದೆ, ಅದಕ್ಕೆ ಉಪಾಯವಿಲ್ಲ. ಕೆಲವರು ಬೆಂಗಳೂರಿಗೆ, ಕೆಲವರು ಪೊಲೀಸ್ ತರಬೇತಿಗೆ, ಬಹಳ ಹುಡುಗಿಯರು ಮದುವೆಯಾಗಿ. ನವೆಂಬರ್‌ನಿಂದ ಜನವರಿಯವರೆಗಂತೂ ಓದುತ್ತಿರುವವರೂ ಸಿಗುವುದಿಲ್ಲ, ಹತ್ತಿ ಬಿಡಿಸಲು ಹೋಗಿರುತ್ತಾರೆ. ಕಿಲೋ ಲೆಕ್ಕದ ಕೂಲಿ, ಅದರಲ್ಲಿ ಪರೀಕ್ಷಾ ಶುಲ್ಕ ಬರುತ್ತದೆ. ಕಳೆದ ಸುಗ್ಗಿಯಲ್ಲಿ ಸುರಪುರದ ಹುಡುಗಿಯರು ಹೊಲದಲ್ಲೇ ಕೂರಲು ತೊಡಗಿದರು, ಮಧ್ಯಾಹ್ನದ ಬುತ್ತಿ ಉಂಡ ಮೇಲೆ, ಜಾಲಿಗಿಡದ ನೆರಳಿಗೆ. ಜತೆಗೆ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳು ಇದೇನು ಎಂದು ಕೇಳಿದರಂತೆ, ಆಮೇಲೆ ತಾವೂ ಕೂತರಂತೆ.

"ಅವ್ರು ನಮಗಿಂತ ಚೊಲೊ ಕೂಡ್ತಾರ್ರೀ ಮೇಡಂ" ಎಂದು ಫೋನಿನಲ್ಲಿ ಒಬ್ಬಳು ಹೇಳಿದಳು. "ಒಟ್ಟ ಅಳ್ಳಾಡಂಗಿಲ್ರೀ. ಒಬ್ಬ ಆಯಿ ಅಂತೂ, ಲೋಟ ಬಡದ ಮ್ಯಾಲೂ ಏಳ್ಲಿಲ್ಲ. ಕೇಳಿದ್ರ, ಇನ್ನೊಂದೀಟು ಇರ್ಲಿ ಬಿಡವಾ, ಇಷ್ಟ ವರ್ಷಕ್ಕ ಇವತ್ತ ಯಾರೂ ಕರೀಲಿಲ್ಲ ನನಗ, ಅಂದ್ಳು."